ಗುಪುರೊ ಹಿಡಿಯದ ಕೈ

ಹುತ್ತದ ಮಣ್ಣು ಕಾಲಿಗೆ ಅಂಟಿದರೆ ಬಿಡುವುದಿಲ್ಲ. ಮುಚನೇತಾ ಮೊಣಕಾಲುದ್ದ ಕೆಸರಿನಲ್ಲಿ ನಿಂತು ತುಳಿಯುತ್ತಿದ್ದಳು. ಒಂದೊಂದು ತುಳಿತಕ್ಕೂ ಬೆನ್ನಿಗೆ ಕಟ್ಟಿದ ಕೂಸು ಅವಳ ಸೊಂಟಕ್ಕೆ ಬಡಿಯುತ್ತಿತ್ತು. ಸುತ್ತ ಇನ್ನೂ ಏಳೆಂಟು ಹೆಂಗಸರು. ತುಳಿದ ಮಣ್ಣನ್ನು ಮರದ ಅಚ್ಚಿಗೆ ಬಡಿಯಬೇಕು. ಇಟ್ಟಿಗೆ ತೆಗೆದು ಬಿಸಿಲಿಗೆ ಹಾಕಬೇಕು. ಒಣಗಿದ್ದನ್ನು ತಲೆಯ ಮೇಲೆ ಹೊತ್ತು ಗೂಡಿಗೆ ಸಾಗಿಸಬೇಕು. ಕಟ್ಟುವುದು ಹೊಸ ಚರ್ಚು. ಕೂಲಿ ಇಲ್ಲ. ದೇವರ ಕೆಲಸಕ್ಕೆ ಕೂಲಿ ಕೇಳಬಾರದೆಂದು ಉಪದೇಶಿ ನೆಹೆಮೀಯ ಹೇಳಿದ್ದ. ದೇವರ ಕೆಲಸವಾದರೆ ದೇವರೂ ಒಂದು ದಿನ ಬಂದು ತುಳಿಯಲಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಾಯಲ್ಲಿ ಮಣ್ಣಿತ್ತು.

ಗುಡ್ಡ ಮಿಷನ್ನಿನದು. ಹೊಳೆ ಮಿಷನ್ನಿನದು. ಮುಚನೇತಾಳ ಗಂಡನ ತಾತನನ್ನು ಹೂತ ಜಾಗವೂ ಮಿಷನ್ನಿನದು. ತಾತ ಮಾತ್ರ ಮಿಷನ್ನಿಗಿಂತ ಮೊದಲೇ ಬಂದು ಮಲಗಿದ್ದ. ಹಿಟ್ಟಿನ ಮಿಷನ್ನಿನಂಥದೇ ಇದೂ ಒಂದು ಮಿಷನ್ನು. ಮೇಲಿನಿಂದ ಜನರನ್ನು ಸುರಿದರೆ ಕೆಳಗಿನಿಂದ ಮಾರ್ಕ, ಲೂಕ, ಯೋಹಾನ ಎಂದು ಬಿಳಿ ಬಿಳಿಯಾಗಿ ಉದುರುತ್ತಿದ್ದರು. ಹೊಟ್ಟು ಎಲ್ಲಿ ಬೀಳುತ್ತದೆಂದು ನೋಡುವವರಿರಲಿಲ್ಲ.

"ಏ ನೇತಾ, ಒಂದ್ಸಲ ಕೊಕ್ಕರೆ ಮಾಡೇ," ಅಚ್ಚು ಹಿಡಿದಿದ್ದವಳೊಬ್ಬಳು ಕೂಗಿದಳು. "ಸೊಂಟ ಬಿದ್ದೋಗ್ತಾ ಐತೆ. ನಗ್ಸು."

ಕೊಕ್ಕರೆ ಎಂದರೆ ಬಿಳಿಯ ಪಾದ್ರಿ. ಉದ್ದ ಕಾಲು, ಉದ್ದ ಮೂಗು, ಕೆಸರು ಕಂಡರೆ ಒಂದೊಂದೇ ಕಾಲೆತ್ತಿ ಇಡುವ ನಡಿಗೆ. ಮುಚನೇತಾ ಲಂಗ ಎತ್ತಿ ಕಟ್ಟಿದಳು. ಕತ್ತು ಚಾಚಿದಳು. ಕೆಸರಿನಿಂದ ಒಂದು ಕಾಲನ್ನು ಮೆಲ್ಲಗೆ ಎಳೆದು, ಅಸಹ್ಯದಿಂದ ನೋಡಿ, ಮತ್ತೆ ಇಟ್ಟಳು. ಗಂಟಲನ್ನು ಮೂಗಿಗೆ ಏರಿಸಿದಳು.

"ನನ್ನ ಪ್ರೀಟಿಯ ಮಕ್ಕಲೇ! ಡೇವರು ಒಬ್ಬ. ಗಂಡ ಒಬ್ಬ. ಹೆಂಡಟಿ ಒಬ್ಬಲು. ಇಟ್ಟಿಗೆ ಮಾಟ್ರ ಟುಂಬಾ ಟುಂಬಾ!"

ಹೆಂಗಸರು ಕೆಸರಲ್ಲೇ ಕುಸಿದು ನಕ್ಕರು. ಒಬ್ಬಳ ಕೈಯಿಂದ ಅಚ್ಚು ಜಾರಿತು. ಬೆನ್ನಿನ ಕೂಸೂ ಏನೋ ತಿಳಿದಂತೆ ಕೇಕೆ ಹಾಕಿತು.

ಆಗ ಮಾರ್ವೇಯಿ ಬಂದಳು. ತಲೆಯ ಮೇಲೆ ಒದ್ದೆ ಬಟ್ಟೆಯ ಬುಟ್ಟಿ. ಎಲ್ಲರ ನಗು ಒಟ್ಟಿಗೇ ನಿಂತಿತು.

ಹೋದ ವರ್ಷ ಮಾರ್ವೇಯಿಯ ಗಂಡ ದೀಕ್ಷಾಸ್ನಾನ ತೆಗೆದುಕೊಂಡಿದ್ದ. ದೀಕ್ಷೆಗೆ ಮೊದಲ ಹೆಂಡತಿ ಒಬ್ಬಳನ್ನೇ ಇಟ್ಟುಕೊಳ್ಳಬೇಕು, ಇವಳು ಮೂರನೆಯವಳು. ಚರ್ಚಿನ ಮೆಟ್ಟಿಲ ಮೇಲೆ ಗುಪುರೊ ಹಿಡಿದು ಅಣ್ಣನ ಮನೆಗೆ ಹೋದಳು. ಅಲ್ಲಿ ಅತ್ತಿಗೆ ಒಲೆಯ ಹತ್ತಿರ ಸೇರಿಸಲಿಲ್ಲ. ಮಗನನ್ನು ನೋಡಬೇಕೆಂದು ತಿರುಗಿ ಬಂದಳು. ಈಗ ಮಿಷನ್ ಶಾಲೆಯ ಹುಡುಗರ ಹಾಸಿಗೆ ಬಟ್ಟೆ ಒಗೆಯುತ್ತಾಳೆ, ನೆಲ ಉಜ್ಜುತ್ತಾಳೆ. ಉಜ್ಜಿದ ನೆಲದ ಮೇಲೆ ಅವಳ ಮಗ ನಡೆದು ಹೋಗುತ್ತಾನೆ. ಮಾತಾಡಿಸಬಾರದೆಂದು ಅವನಿಗೆ ಕಲಿಸಿದ್ದಾರೆ.

"ನಗ್ರವ್ವ, ನಗ್ರಿ," ಎಂದಳು ಮಾರ್ವೇಯಿ. ಬುಟ್ಟಿ ಇಳಿಸಲಿಲ್ಲ. "ಈಸ್ಟರ್ ಭಾನುವಾರ ನಿನ್ ಸರದಿಯಂತೆ, ನೇತಾ. ಉಪದೇಶಿ ಗುಪುರೊ ತಂದಿಟ್ಟವ್ನೆ. ನಾನೇ ಕಂಡೆ. ಅವ್ನ ಹಳೇ ಕೋಟಿನ ಹಿತ್ತಾಳೆ ಗುಂಡಿ. ನಂಗೆ ಕೊಟ್ಟಿದ್ದೂ ಅದೇ ಕೋಟಿಂದು."

ಹೇಳಿ ಹೋದಳು. ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಚನೇತಾ ಮತ್ತೆ ತುಳಿಯತೊಡಗಿದಳು.

*

ಗುಪುರೊ ಎಂದರೆ ಹೆಂಡತಿಯನ್ನು ಬಿಟ್ಟ ಗುರುತು. ಒಂದು ಮಡಕೆ ಚೂರು, ಒಂದು ಹರಕು ಬಟ್ಟೆ, ಬೆಲೆಯಿಲ್ಲದ ಏನಾದರೂ ಸರಿ. ನಾಲ್ಕು ಜನರ ಮುಂದೆ ಗಂಡ ಕೊಡಬೇಕು, ಹೆಂಡತಿ ಎರಡೂ ಕೈ ಚಾಚಿ ಹಿಡಿಯಬೇಕು. ಹಿಡಿದಳೋ, ಮುಗಿಯಿತು. ಮಕ್ಕಳು ಗಂಡನ ಕುಲಕ್ಕೆ, ಇವಳು ದಾರಿಗೆ. ಹಿಡಿಯದವಳನ್ನು ಅಟ್ಟಿದರೆ ಸತ್ತ ಹಿರಿಯರು ಆ ಮನೆಗೆ ಬೆನ್ನು ತಿರುಗಿಸುತ್ತಾರೆ ಎಂಬ ಭಯ. ಈ ಭಯ ಪಾದ್ರಿಗೆ ಗೊತ್ತಿರಲಿಲ್ಲ. ನೆಹೆಮೀಯನಿಗೆ ಚೆನ್ನಾಗಿ ಗೊತ್ತಿತ್ತು. ಅವನೂ ಇದೇ ಗುಡ್ಡದವನು. ಹಿರಿಯರಿಗೆ ಕಾಯಿಸುವ ಹೆಂಡ ಪಾಪ, ಡೋಲು ಪಾಪ, ಕೂಸಿನ ಸೊಂಟದ ದಾರ ಪಾಪ ಎಂದು ಒಂದೊಂದಾಗಿ ಚೆಲ್ಲಿಸಿ, ಸುಡಿಸಿದವನು ಗುಪುರೊ ಒಂದನ್ನು ಮಾತ್ರ ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದ.

ಮುಚನೇತಾ ಮನೆಗೆ ಬಂದಾಗ ಗಂಡ ಮಶಾಯಾ ಅಂಗಳದಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದ. ಹತ್ತು ಆಜ್ಞೆಗಳಲ್ಲಿ ಏಳನೆಯದಕ್ಕೆ, ವ್ಯಭಿಚಾರ ಮಾಡಬಾರದು ಎಂಬಲ್ಲಿಗೆ ಬಂದು ತಡವರಿಸುತ್ತಿದ್ದ.

"ಶುವಾಯಿ ಅಪ್ಪಾ, ಭಾನುವಾರ ನಂಗೆ ಗುಂಡಿ ಕೊಡ್ತೀಯಂತೆ?"

ಅವನು ತಲೆಯೆತ್ತಲಿಲ್ಲ. "ನಾನೇನ್ ಮಾಡ್ಲಿ? ನೆಲ ಅವ್ರದು. ಕೊಡ್ದಿದ್ರೆ ಎಲ್ರೂ ಎದ್ದೋಗ್ಬೇಕು."

"ಎಲ್ರೂ ಹೋಗೋಣ."

"ಎಲ್ಲಿಗೆ? ಆಚೆ ಎಲ್ಲಾ ಬಿಳಿಯರ ಹೊಗೆಸೊಪ್ಪು. ನಿಮ್ಮಪ್ಪನ್ನೇ ಅಟ್ಟವ್ರೆ. ಎಲ್ಲವ್ನೆ ಅಂತ ನಿಂಗಾದ್ರೂ ಗೊತ್ತಾ?"

ಗೊತ್ತಿರಲಿಲ್ಲ. ತವರು ಎಂಬುದು ಈಗ ಒಂದು ತಂತಿಬೇಲಿ.

"ಮಕ್ಳು?"

"ಮಕ್ಳು ಶೋಕೋ ಕುಲದವ್ರು. ನನ್ ಮಕ್ಳು. ಇಲ್ಲೇ ಇರ್ತಾರೆ. ಅವ್ಳು ನೋಡ್ಕೋತಾಳೆ."

ಅವಳು ಎಂದರೆ ಮಾಯಿದೇಯಿ. ಮಶಾಯಾನ ಮೊದಲ ಹೆಂಡತಿ, ಮುಚನೇತಾಳ ಸೋದರತ್ತೆ. ಮಾಯಿದೇಯಿಗೆ ಮಕ್ಕಳಾಗಲಿಲ್ಲ. ಅವಳೇ ಅಣ್ಣನ ಮನೆಗೆ ಹೋಗಿ, ಅಣ್ಣನ ಮಗಳ ಕೈ ಹಿಡಿದು, ಎರಡು ದಿನದ ದಾರಿ ನಡೆಸಿಕೊಂಡು ಬಂದಿದ್ದಳು. ನನ್ನ ಒಲೆ ಆರಬಾರದು ಎಂದಿದ್ದಳು. ಮಗಳು ಶುವಾಯಿ ಹುಟ್ಟಿದಾಗ ಹೊಕ್ಕುಳಬಳ್ಳಿ ಕತ್ತರಿಸಿದ್ದು ಅವಳು. ಗಂಡುಕೂಸು ಗರಿಕಾಯಿ ಹುಟ್ಟಿದಾಗ ಅಂಗಳದಲ್ಲಿ ಉರುಳಾಡಿ ಕೂಗಿದ್ದೂ ಅವಳು.

ಅದೇ ಮಾಯಿದೇಯಿ ಈಗ ಬಿಳಿ ಟೋಪಿ ಹಾಕಿ ಚರ್ಚಿನ ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ಉಳಿಯುವ ಹೆಂಡತಿ ಅವಳು. ಚರ್ಚಿನ ಕಾನೂನು ಮೊದಲನೆಯವಳ ಪರ.

ಅವತ್ತು ಸಂಜೆ ಮುಚನೇತಾ ಅತ್ತೆಯ ಗುಡಿಸಲಿನ ಬಾಗಿಲಲ್ಲಿ ನಿಂತು ಕಂಡಳು. ಮಾಯಿದೇಯಿ ಗರಿಕಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ತೆಳು ಗಂಜಿ ಕುಡಿಸುತ್ತಿದ್ದಳು. ಕೂಸು ಮುಖ ತಿರುಗಿಸಿದರೂ ಬಿಡದೆ ಬೆರಳಲ್ಲಿ ತುಟಿ ಬಿಡಿಸಿ ಹಾಕುತ್ತಿದ್ದಳು. ಕೂಸಿಗಿನ್ನೂ ಹಲ್ಲು ಬಂದಿರಲಿಲ್ಲ.

"ಅತ್ತೆ. ನನ್ ಎದೇಲಿ ಹಾಲೈತೆ."

ಮಾಯಿದೇಯಿ ಬೆಚ್ಚಿದಳು. "ಗೊತ್ತು ಕಣೆ. ರೂಢಿ ಆಗ್ಲಿ ಅಂತ."

"ಯಾವುದ್ಕೆ ರೂಢಿ?"

ಮಾಯಿದೇಯಿ ಇನ್ನೊಂದು ಬೆರಳು ಗಂಜಿ ತೆಗೆದಳು. ನೆಹೆಮೀಯನ ಗುಂಡಿ ಮುಚನೇತಾಳನ್ನು ಹೆದರಿಸಿರಲಿಲ್ಲ. ಈ ಗಂಜಿ ಹೆದರಿಸಿತು.

*

ಭಾನುವಾರ ಗಾಳಿ ಎದ್ದಿತ್ತು. ಇಟ್ಟಿಗೆ ಗೂಡಿನ ಹೊಗೆ ಚರ್ಚಿನ ಮೇಲೆ ಕವಿದು ಕೆಳಗಿಳಿಯಲೊಲ್ಲದೆ ನಿಂತಿತ್ತು. ದೀಕ್ಷೆಯಾಗಿ ಬೆಂಚಿನಲ್ಲಿ ಕೂರಬಲ್ಲವರು ಒಳಗೆ, ಉಳಿದವರು ಹೊರಗೆ. ಮೆಟ್ಟಿಲ ಮೇಲೆ ಪಾದ್ರಿ, ಅವನ ಪಕ್ಕದಲ್ಲಿ ಉಪದೇಶಿ ನೆಹೆಮೀಯ. ಪಾದ್ರಿ ಮಾತಿನ ನಡುವೆ ಎರಡು ಸಲ ಕೆಮ್ಮಿದರೆ ನೆಹೆಮೀಯನೂ ಎರಡು ಸಲ ಕೆಮ್ಮುತ್ತಿದ್ದ. ಅದೂ ಅನುವಾದದಲ್ಲಿ ಸೇರಿತ್ತು.

ಮಶಾಯಾನನ್ನು ಕರೆದರು. ಮೈಮೇಲೆ ಎರವಲು ಬಿಳಿ ಅಂಗಿ, ತೋಳು ಗಿಡ್ಡ. ಮುಚನೇತಾಳನ್ನು ಕರೆದರು. ಅವಳು ಮೆಟ್ಟಿಲ ಕೆಳಗೆ ನಿಂತಳು. ಮೇಲೆ ಬರಲು ಅವಳಿಗೆ ಅಪ್ಪಣೆ ಇರಲಿಲ್ಲ. ಅವಳೇ ತುಳಿದ ಮಣ್ಣಿನ ಇಟ್ಟಿಗೆಯಿಂದ ಹಳೇ ಚರ್ಚಿಗೆ ಹೊಸದಾಗಿ ಕಟ್ಟಿದ ಮೆಟ್ಟಿಲು ಅದು. ತೆರೆದ ಬಾಗಿಲಲ್ಲಿ ಮೊದಲ ಬೆಂಚಿನ ಬಿಳಿ ಟೋಪಿ ಕಾಣುತ್ತಿತ್ತು. ಟೋಪಿ ತಿರುಗಲಿಲ್ಲ.

ನೆಹೆಮೀಯ ಜೇಬಿನಿಂದ ಗುಂಡಿ ತೆಗೆದು ಮಶಾಯಾನಿಗೆ ಕೊಟ್ಟ. ಮಶಾಯಾ ಅದನ್ನು ಕೆಳಗೆ ಚಾಚಿದ.

"ಮು... ಮುಚನೇತಾ. ತಗೋ."

ಅವಳು ಎರಡೂ ಕೈ ಹಿಂದೆ ಒಯ್ದು ಬೆನ್ನಿನ ಕೂಸಿನ ಕೆಳಗೆ ಹೆಣೆದುಕೊಂಡಳು.

"ಕೈ ಚಾಚೇ," ಎಂದ ನೆಹೆಮೀಯ.

"ಕೈ ಖಾಲಿ ಇಲ್ಲ, ಉಪದೇಶಿಗಳೇ. ಕೂಸು ಹಿಡ್ಕೊಂಡಿವ್ನಿ."

ಗುಂಪಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು.

"ಆಟ ಆಡ್ತಿದೀಯಾ? ದೇವರ ಮನೆ ಬಾಗ್ಲು ಇದು."

"ದೇವರ ಮನೆ ಬಾಗ್ಲಲ್ಲಿ ನಮ್ಮ ಹಿರೇರ ಗುಪುರೊ ಯಾಕೆ ಬಂತು? ಹೆಂಡ ಚೆಲ್ಲಿದ್ರಿ, ಡೋಲು ಸುಟ್ರಿ. ಇದ್ನೂ ಸುಡ್ರಿ. ನಿಮ್ ದೇವ್ರ ಕೈಲಿ ನನ್ನ ಬಿಡ್ಸಕ್ಕೆ ಆಗಲ್ವಾ? ನಮ್ ಸತ್ತೋರ ಸಹಾಯ ಬೇಕಾ?"

ಪಾದ್ರಿ ಏನಾಯಿತೆಂದು ಕೇಳಿದ. ಹೆಂಗಸು ದುಃಖದಲ್ಲಿದ್ದಾಳೆ ಎಂದು ನೆಹೆಮೀಯ ಅವನಿಗೆ ಅವನ ಭಾಷೆಯಲ್ಲಿ ಹೇಳಿದ. ಪಾದ್ರಿ ತಲೆಯಾಡಿಸಿ, ಕನಿಕರದಿಂದ ನೋಡಿದ. ಆತ ಅವಳ ಹೆಸರನ್ನೂ ಒಮ್ಮೆ ಕೇಳಿದವನಲ್ಲ.

ನೆಹೆಮೀಯ ಮೆಟ್ಟಿಲು ಇಳಿದು ಬಂದ. ಮಶಾಯಾನ ಬೆರಳಿನಿಂದ ಗುಂಡಿ ಕಿತ್ತುಕೊಂಡ. ಮುಚನೇತಾಳ ಬೆನ್ನ ಹಿಂದೆ ಹೋಗಿ, ಕೂಸಿನ ಮುಷ್ಟಿ ಬಿಡಿಸಿ, ಗುಂಡಿಯನ್ನು ಒಳಗೆ ತುರುಕಿದ. ಕೂಸು ಹಿಡಿಯಿತು. ಹೊಳೆಯುವ ಯಾವುದನ್ನಾದರೂ ಕೂಸು ಹಿಡಿಯುತ್ತದೆ.

"ಹಿಡಿದ್ಲು!" ಅವನು ಕೂಗಿದ. "ಎಲ್ರೂ ನೋಡಿದ್ರಲ್ಲ? ಅವ್ಳ ಮೈ ಮೇಲಿರೋ ಕೈ ಅವ್ಳ ಕೈಯೇ. ಮುಗೀತು!"

ಒಂದು ಕ್ಷಣ ಮುಚನೇತಾಳಿಗೂ ಮುಗಿದೇಹೋಯಿತು ಎನಿಸಿತು. ಕಾಲ ಕೆಳಗಿನ ನೆಲ ಹಸಿ ಮಣ್ಣಿನಂತೆ ಹೀರಿತು. ಆಮೇಲೆ ಅವಳ ಕತ್ತು ತಾನಾಗಿಯೇ ಉದ್ದವಾಯಿತು. ಗಂಟಲು ನೆಹೆಮೀಯನದಾಯಿತು. ಅದೇ ಗಡಸು, ಅದೇ ಕೊನೆಯ ಅಕ್ಷರದ ಎಳೆತ.

"ಮಕ್ಕಳು ಯಾರ ಕುಲಾ? ಶೋಕೋ ಕುಲಾ! ತಾಯಿಗೇನು ಹಕ್ಕು? ಏನೂ ಇಲ್ಲಾ!"

ನೆಹೆಮೀಯ ತನ್ನ ದನಿ ತನ್ನೆದುರೇ ನಿಂತಿದ್ದನ್ನು ಕೇಳಿ ಹಿಂದೆ ಸರಿದ. ಮುಚನೇತಾ ತನ್ನ ದನಿಗೆ ಮರಳಿದಳು.

"ಬುಧವಾರದ ಪಾಠದಲ್ಲಿ ನೀವೇ ಹೇಳಿದ್ದು. ಕೂಸು ನಂದಲ್ಲ. ಕೂಸು ಶೋಕೋ. ಹಂಗಾದ್ರೆ ಕೂಸಿನ್ ಕೈ ನನ್ ಕೈ ಹೆಂಗಾಯ್ತು? ಶೋಕೋ ಕೊಟ್ಟ, ಶೋಕೋ ತಗೊಂಡ. ಅಪ್ಪ ಮಗನ್ನ ಬಿಟ್ಟ. ನನ್ನ ಯಾರೂ ಬಿಟ್ಟಿಲ್ಲ."

ನಗು ಸಿಡಿಯಿತು. ಹೊರಗಿದ್ದವರೆಲ್ಲ ನಕ್ಕರು. ಮುದುಕನೊಬ್ಬ, "ಸರಿಯಾಗೇ ಹೇಳಿದ್ಲು ಕಣ್ರೋ, ಕುಲದ ಮಾತು ಹಂಗೇನೆ," ಎಂದು ಕೋಲು ಕುಟ್ಟಿದ. ಕೂಸು ಗುಂಡಿಯನ್ನು ಎಸೆಯಿತು. ಅದು ಮೆಟ್ಟಿಲ ಮೇಲೆ ಟಣ್ಣೆಂದು ಬಿದ್ದು ಉರುಳಿ ಪಾದ್ರಿಯ ಬೂಟಿನ ಹತ್ತಿರ ನಿಂತಿತು.

ಪಾದ್ರಿಗೆ ನಗು ಅರ್ಥವಾಗಲಿಲ್ಲ. ತನ್ನನ್ನೇ ನೋಡಿ ನಕ್ಕರೆಂದುಕೊಂಡ. ಮುಖ ಕೆಂಪಾಯಿತು. ನೆಹೆಮೀಯನಿಗೆ ಸಣ್ಣ ದನಿಯಲ್ಲಿ ಏನೋ ಹೇಳಿ ಒಳಗೆ ಹೋದ. ಬಾಗಿಲು ಮುಚ್ಚಿತು. ಮಶಾಯಾ ಎರವಲು ಅಂಗಿಯಲ್ಲಿ ಹೊರಗೇ ಉಳಿದ.

ನೆಹೆಮೀಯ ಬಗ್ಗಿ ಗುಂಡಿ ಎತ್ತಿಕೊಂಡ. ಅಂಗಿಯ ತುದಿಯಲ್ಲಿ ಒರೆಸಿದ. ಅವನ ದನಿ ಈಗ ತುಂಬಾ ಮೆತ್ತಗಿತ್ತು.

"ನಕ್ಕಿದ್ದಾಯ್ತಲ್ಲ. ಹೊತ್ತು ಮುಳುಗೋ ಹೊತ್ಗೆ ಬರ್ತೀವಿ. ನಿನ್ ಮನೇಲಿ ಏನೇನಿದೆಯೋ ಹೊರಗಿಟ್ಕೊ."

ನಗುತ್ತಿದ್ದವರು ಒಬ್ಬೊಬ್ಬರೇ ಕರಗಿದರು. ಕೋಲು ಕುಟ್ಟಿದ ಮುದುಕ ಎಲ್ಲರಿಗಿಂತ ಮೊದಲು ಹೋದ.

*

ಮುಚನೇತಾ ಏನನ್ನೂ ಹೊರಗಿಡಲಿಲ್ಲ. ಗುಡಿಸಲಿನ ಮುಂದೆ ಕೂತಳು. ಶುವಾಯಿ ಎಲ್ಲಿ ಎಂದು ನೋಡಿದಳು, ಕಾಣಲಿಲ್ಲ. ಕೂಸನ್ನು ಚಾಪೆಯ ಮೇಲೆ ಮಲಗಿಸಿ ಹೊಳೆಯಿಂದ ನೀರು ತಂದಳು. ತಿರುಗಿ ಬಂದರೆ ಚಾಪೆ ಖಾಲಿ. ಅತ್ತೆಯ ಗುಡಿಸಲಿನ ಬಾಗಿಲು ಮುಚ್ಚಿತ್ತು. ಒಳಗೆ ಕೂಸು ಅಳುತ್ತಿತ್ತು. ಅವಳು ಬಾಗಿಲು ಬಡಿದಳು.

"ಅತ್ತೆ, ಅತ್ತೆ! ನನ್ ಕೂಸು ಕೊಡು."

ಒಳಗಿನಿಂದ ಶುವಾಯಿಯ ದನಿ ಕೇಳಿತು. ಅದನ್ನು ಯಾರೋ ಸುಮ್ಮನಾಗಿಸಿದರು. ಮುಚನೇತಾಳ ಎದೆಯಿಂದ ಹಾಲು ಸೋರಿ ರವಿಕೆ ನೆನೆಯಿತು. ಅವಳು ಬಡಿದಳು. ಬಡಿದು ಬಡಿದು ಕೈ ಸೋತು ನಿಂತಳು.

ಹೊತ್ತು ಮುಳುಗುವಾಗ ನೆಹೆಮೀಯ ಬಂದ. ಜೊತೆಗೆ ಮಿಷನ್ನಿನ ಇಬ್ಬರು ಕಾವಲುಗಾರರು, ಒಬ್ಬನ ಕೈಯಲ್ಲಿ ಹುಲ್ಲಿನ ಪಂಜು. ನೆರೆಹೊರೆಯವರು ತಂತಮ್ಮ ಬಾಗಿಲ ಸಂದಿಯಲ್ಲಿದ್ದರು. ಅಂಗಳದ ಮೂಲೆಯಲ್ಲಿ ಕೂತಿದ್ದ ಮಶಾಯಾ ಎದ್ದು ಮುಚನೇತಾಳ ಗುಡಿಸಲಿಗೆ ನುಗ್ಗಿ ತನ್ನ ಕೊಡಲಿ, ತನ್ನ ಮುಕ್ಕಾಲಿ, ತನ್ನ ಕಂಬಳಿ ತಂದು ದೂರ ಇಟ್ಟ. ಅವಳ ಮಡಕೆಗಳನ್ನು ಮುಟ್ಟಲಿಲ್ಲ.

"ಕಂಬ್ಳಿ ನನ್ ಮಕ್ಳು ಹೊದೀತಿದ್ದಿದ್ದು," ಎಂದಳು ಅವಳು. ಅವನು ಬೇರೆ ಕಡೆ ನೋಡಿದ.

ಪಂಜು ಸೂರಿಗೆ ತಾಗಿತು. ಒಣ ಹುಲ್ಲು. ಗಾಳಿ. ಉರಿ ಒಂದೇ ಸಲ ಎದ್ದಿತು. ಅವಳು ಅಡ್ಡ ಹೋದಳು. ಕಾವಲುಗಾರ ಎದೆಗೆ ಕೈಯಿಟ್ಟು ನೂಕಿದ. ಬಿದ್ದಳು. ಮೊಣಕೈ ಸುಲಿಯಿತು. ಅವಳು ಮೆತ್ತಿದ ಗೋಡೆ, ಅವಳು ಸಾರಿಸಿದ ನೆಲ, ಅವಳು ಎರಡು ಮಕ್ಕಳನ್ನು ಹೆತ್ತ ಮೂಲೆ. ಒಳಗೆ ಮಡಕೆಗಳು ಒಂದೊಂದಾಗಿ ಸಿಡಿದವು.

ನೆಹೆಮೀಯ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅಂಗೈ ಬಿಚ್ಚಿದ. ಗುಂಡಿ ಬೆಂಕಿಯ ಬೆಳಕಿಗೆ ಕೆಂಡದಂತೆ ಹೊಳೆಯಿತು.

"ಈಗ ತಗೋ, ತಂಗೀ. ತಗೊಂಡ್ ಹೋಗು. ಬಟ್ಟೆ ಒಗಿಯೋ ಕಡೆ ಜಾಗ ಕೊಡ್ಸ್ತೀನಿ. ಮಕ್ಳನ್ನ ದೂರದಿಂದ ನೋಡ್ಬೋದು."

ಮುಚನೇತಾ ಸುಲಿದ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು.

ಆಗ ಅತ್ತೆಯ ಬಾಗಿಲು ತೆರೆಯಿತು. ಮಾಯಿದೇಯಿ ಹೊಸ್ತಿಲ ಮೇಲೆ ನಿಂತಿದ್ದಳು. ತಲೆ ಬರಿದಾಗಿತ್ತು. ಕಂಕುಳಲ್ಲಿ ಅತ್ತು ಅತ್ತು ಕೆಂಪಾದ ಕೂಸು. ಅವಳ ಮುಖದಲ್ಲೂ ನೀರು ಇಳಿಯುತ್ತಿತ್ತು, ಆದರೆ ದನಿ ಅಳುತ್ತಿರಲಿಲ್ಲ.

"ಗಂಜಿ ಉಗುಳ್ತಾ ಐತೆ," ಎಂದಳು. "ಬಾರೇ. ಹಾಲು ಕೊಡು. ನನ್ ಒಲೆ ಮುಂದೆ ಕೂತ್ಕೊಂಡು ಕೊಡು."

ನೆಹೆಮೀಯ ಎದ್ದು ನಿಂತ. "ಮಾಯಿದೇಯಮ್ಮ, ಅದು ಕ್ರೈಸ್ತರ ಮನೆ. ಅವ್ಳು ಒಳಗೆ ಬರಂಗಿಲ್ಲ."

"ಇವ್ಳನ್ನ ತಂದಿದ್ದು ಯಾರು?"

"ಅದು ಹಳೇ ಮಾತು."

"ನಾನು. ನನ್ ಅಣ್ಣನ ಅಂಗಳದಿಂದ ಈ ಕೈ ಹಿಡ್ಕೊಂಡು ತಂದೆ. ನನ್ನ ಒಲೆಗೆ ತಂದೆ. ಇವ್ಳಿಗೆ ಅಂತ ನನ್ ಅಣ್ಣಂಗೆ ಬೇರೆ ದನ ಕೊಟ್ಟಿಲ್ಲ, ಬೇರೆ ಮದ್ವೆ ಆಗಿಲ್ಲ. ನನ್ ಮದ್ವೆ ಒಳ್ಗೇ ಇವ್ಳ ಮದ್ವೆ. ನಾವಿಬ್ರೂ ಒಂದೇ ಹೆಂಡ್ತಿ ಕಣೋ, ನೆಹೆಮೀಯ. ಇವ್ಳಿಗೆ ಗುಪುರೊ ಕೊಟ್ರೆ ನಂಗೂ ಕೊಟ್ಟಂಗೆ. ಆಮೇಲೆ ನೀನು ಯೋಹಾನ ಅಂತ ಹೆಸ್ರಿಡೋ ನನ್ ಗಂಡಂಗೆ ಹೆಂಡ್ತಿ ಯಾರು? ಪಾದ್ರಿಗೆ ಇದು ಗೊತ್ತಿಲ್ಲ. ನಿಂಗೆ ಗೊತ್ತಿತ್ತು. ನಿಮ್ಮವ್ವನೂ ಹಿಂಗೇ ಬಂದವ್ಳು."

ಎಲ್ಲೆಡೆ ಬಾಗಿಲ ಸಂದಿಗಳು ಒಂದಿಷ್ಟು ಅಗಲವಾದವು.

"ಗೊತ್ತಿದ್ದೂ ನೀನು ಸುಮ್ನಿದ್ದೆ," ಮಾಯಿದೇಯಿ ಮುಂದುವರಿಸಿದಳು. "ನಾನೂ ಸುಮ್ನಿದ್ದೆ. ಮಕ್ಳಿಬ್ರೂ ನಂದೇ ಆಗ್ತವೆ ಅಂತ ಆಸೆ ಬಿದ್ದಿದ್ದೆ. ಈ ಕೂಸಿನ್ ಬಾಯಿ ಕಟ್ಟಿದ್ದೆ. ಥೂ ನನ್ ಬಾಳಿಗೆ." ಅವಳು ಹೊಸ್ತಿಲು ದಾಟಿ ಬಂದಳು. ಮುಚನೇತಾಳ ರೆಟ್ಟೆ ಹಿಡಿದು ಎಬ್ಬಿಸಿದಳು. "ಏಳು ಮಗಾ."

ಇಬ್ಬರೂ ಒಳಗೆ ಹೋದರು. ಶುವಾಯಿ ಓಡಿ ಬಂದು ಅಮ್ಮನ ಲಂಗದಲ್ಲಿ ಮುಖ ಹುದುಗಿಸಿದಳು. ಮುಚನೇತಾ ಒಲೆಯ ಮುಂದೆ ಕೂತು ರವಿಕೆ ಬಿಚ್ಚಿದಳು. ಕೂಸು ಬಾಯಿ ಹಾಕಿತು. ಕಚ್ಚಿದಂತೆ ಎಳೆಯಿತು. ನೋವಾಯಿತು.

ಹೊರಗೆ ಪಂಜಿನವನು ಕೇಳುವುದು ಕೇಳಿಸಿತು.

"ಉಪದೇಶಿಗಳೇ, ಇದ್ಕೂ ಹಚ್ಲಾ?"

ನೆಹೆಮೀಯ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಪಂಜಿನ ಬೆಳಕು ಗೋಡೆಯ ಬಿರುಕುಗಳಲ್ಲಿ ಒಂದರಿಂದೊಂದಕ್ಕೆ ಸರಿಯತೊಡಗಿತು. ಪಂಜಿನವನು ಗುಡಿಸಲನ್ನು ಸುತ್ತುತ್ತಿದ್ದ. ಮಶಾಯಾ ದೂರದಿಂದ ಯಾವುದೋ ಒಂದು ಹೆಸರು ಕೂಗಿದ. ಗಾಳಿಯಲ್ಲಿ ಯಾರ ಹೆಸರೆಂದು ತಿಳಿಯಲಿಲ್ಲ. ಇಬ್ಬರಲ್ಲಿ ಯಾರೂ ಓಗೊಡಲಿಲ್ಲ. ಮಾಯಿದೇಯಿ ಒಲೆಗೆ ಒಂದು ಸೌದೆ ತಳ್ಳಿ ಎಸರಿಟ್ಟಳು.

"ಬಾಗ್ಲು ಹಾಕ್ಲಾ, ಅತ್ತೆ?"

"ಬೇಡ. ತೆಗ್ದೇ ಇರ್ಲಿ," ಎಂದಳು ಮಾಯಿದೇಯಿ. "ಹಚ್ಚೋನ್ ಮುಖ ಮಕ್ಳಿಗೆ ಕಾಣ್ಲಿ."